ತಮ್ಮನ ಬೆನ್ನಿನ ಲೋಹ

ನಾನು ವಿಜ್ಞಾನಿಯಲ್ಲ. ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯಲ್ಲಿ ಕುಳಿತು ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿ, ತರುವಾಯ ತರ್ಕಶಾಸ್ತ್ರದ ಹೊಸ್ತಿಲನ್ನು ಮುಟ್ಟಿ, ಮೂವತ್ತನಾಲ್ಕು ವರ್ಷ ಹೈಸ್ಕೂಲಿನ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ನಿವೃತ್ತನಾದವನು. ಇಂಥವನು ಪರಮಾಣುವಿನೊಳಗಿನ ಕಣಗಳನ್ನು ಕುರಿತು ಬರೆಯಹೊರಟರೆ ವಾಚಕರಿಗೆ ನಗು ಬಂದೀತು. ಆದರೆ ಮನುಷ್ಯನು ಕೆಲವು ವಿದ್ಯೆಗಳನ್ನು ಆಸೆಯಿಂದ ಕಲಿಯುತ್ತಾನೆ. ಕೆಲವನ್ನು ಭಯದಿಂದ ಕಲಿಯುತ್ತಾನೆ. ನಾನು ಈಗ ಅರಿಕೆಮಾಡಲಿರುವುದು ಎರಡನೆಯ ಬಗೆಯದು. ಇದರಲ್ಲಿ ನನ್ನದೊಂದು ತಪ್ಪೂ ಸೇರಿರುವುದರಿಂದ ಅದನ್ನು ಮರೆಮಾಚದೆ ಹೇಳಬೇಕಾಗಿದೆ.

ನನಗೊಬ್ಬ ತಮ್ಮನಿದ್ದಾನೆ, ನನಗಿಂತ ಆರು ವರ್ಷ ಕಿರಿಯ. ತೀರ್ಥಹಳ್ಳಿಯ ಕಡೆ ನಮ್ಮ ಹಿರಿಯರ ಅಡಕೆ ತೋಟವನ್ನು ನೋಡಿಕೊಂಡಿರುವವನು ಅವನೇ. 2021ನೆಯ ಇಸವಿಯ ಮಳೆಗಾಲದಲ್ಲಿ ಅವನಿಗೆ ಸೊಂಟದ ನೋವು ಹತ್ತಿತು. ತೋಟದ ಕೆಲಸದವನಿಗೆ ಸೊಂಟನೋವು ಹೊಸದಲ್ಲವಷ್ಟೆ. ಎಣ್ಣೆ, ಕಷಾಯ, ಬಿಸಿನೀರಿನ ಶಾಖ ಇವುಗಳಲ್ಲಿ ಮೂರು ತಿಂಗಳು ಕಳೆದವು. ಆಮೇಲೆ ಎಡಗಾಲು ಜೋಮುಹಿಡಿಯತೊಡಗಿತು. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಬೆನ್ನುಮೂಳೆಯ ಸೊಂಟದ ಭಾಗದಲ್ಲಿ, ಮೇಲಿನಿಂದ ಮೂರನೆಯ ಮಣಿಯಲ್ಲಿ, 'ಕಾರ್ಡೋಮ' ಎಂಬ ಗಡ್ಡೆಯಿರುವುದಾಗಿ ತಿಳಿದುಬಂತು. ಗರ್ಭದಲ್ಲಿರುವಾಗ ಶಿಶುವಿಗೆ ಬೆನ್ನುಮೂಳೆ ಬಲಿಯುವುದಕ್ಕೆ ಮೊದಲು ಅದರ ಸ್ಥಾನದಲ್ಲಿ ಒಂದು ಮೆತುವಾದ ದಂಡವಿರುತ್ತದೆಯಂತೆ; ಅದರ ಅವಶೇಷಗಳು ಕೆಲವರಲ್ಲಿ ಹಾಗೆಯೇ ಉಳಿದು, ಎಷ್ಟೋ ವರ್ಷಗಳ ಮೇಲೆ ವಿಕಾರಗೊಂಡು ಬೆಳೆಯುವುದೇ ಈ ರೋಗ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವಂಥದು. ಆ ಒಬ್ಬನು ನಮ್ಮ ಮನೆಯವನಾದನು.

ಶಸ್ತ್ರವೈದ್ಯರು ಸೌಮ್ಯರು. ಗಡ್ಡೆಯನ್ನೂ ಕೆಟ್ಟ ಮೂಳೆಯನ್ನೂ ತೆಗೆದ ಮೇಲೆ ಬೆನ್ನು ನಿಲ್ಲಬೇಕಾದರೆ ಮೇಲಿನ ಕೆಳಗಿನ ಮಣಿಗಳಿಗೆ ತಿರುಪುಮೊಳೆಗಳನ್ನು ಹಾಕಿ, ಎರಡು ಸರಳುಗಳಿಂದ ಬಂಧಿಸಬೇಕೆಂದು ಅವರು ವಿವರಿಸಿದರು. ಆಮೇಲೆ ಒಂದು ಮಾತು ಕೇಳಿದರು: "ಈ ಮೊಳೆ ಸರಳುಗಳು ಎರಡು ಬಗೆ. ಟೈಟಾನಿಯಂ ಲೋಹದವು ಈಗಲೇ ಇವೆ. ಇಂಗಾಲದ ಎಳೆಗಳನ್ನು ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೇರಿಸಿ ಮಾಡಿದವು ಇನ್ನೊಂದು. ಮುಂದೆ ಕಿರಣಚಿಕಿತ್ಸೆ ಬೇಕಾಗುತ್ತದೆ. ಅದಕ್ಕೆ ಎರಡನೆಯದು ಅನುಕೂಲ. ಆದರೆ ತರಿಸಲು ಎರಡು ಮೂರು ವಾರ ಹಿಡಿದೀತು, ಬೆಲೆಯೂ ಹೆಚ್ಚು. ಏನು ಮಾಡೋಣ?"

ತಮ್ಮನು ನನ್ನ ಮುಖ ನೋಡಿದನು. ನಮ್ಮ ಮನೆಯಲ್ಲಿ ಓದಿದವನು ನಾನು. ಆಸ್ಪತ್ರೆ, ಬ್ಯಾಂಕು, ಕಚೇರಿ ಇವುಗಳ ವಿಷಯದಲ್ಲಿ "ಅಣ್ಣ ಹೇಳಿದಂತೆ" ಎಂಬುದೇ ಅವನ ಪದ್ಧತಿ. ನಾನು ಟೈಟಾನಿಯಂ ಎಂದೆನು. ಕಾಲಿನ ಬಲ ದಿನೇದಿನೇ ಕುಗ್ಗುತ್ತಿದೆ, ಕಾಯುವಂತಿಲ್ಲ, ಎಂಬುದು ನಾನು ಹೊರಗೆ ಹೇಳಿದ ಕಾರಣ. ಅದು ಸುಳ್ಳಲ್ಲ. ಆದರೆ ಒಳಗೆ ಬೇರೆ ಎರಡು ಕಾರಣಗಳಿದ್ದವು: ಒಂದು ಹಣ, ಮತ್ತೊಂದು, ಬೆನ್ನಿಗೆ ಲೋಹವನ್ನು ಬಿಟ್ಟು ಎಳೆಗಳನ್ನು ನಂಬುವುದೆಂತು ಎಂಬ ಹಳ್ಳಿಯ ಬುದ್ಧಿ. ಕಿರಣಚಿಕಿತ್ಸೆಗೆ ಎರಡನೆಯದು ಯಾಕೆ ಅನುಕೂಲ ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಜೀವಮಾನವೆಲ್ಲ "ಯಾಕೆ ಎಂದು ಕೇಳಿರಿ" ಎಂದು ಹುಡುಗರನ್ನು ಗದರಿಸಿದವನು ನಾನು.

ಶಸ್ತ್ರಕ್ರಿಯೆ ಚೆನ್ನಾಗಿಯೇ ಆಯಿತು. ಕಾಲಿಗೆ ಬಲ ಬಂತು. ಆದರೆ ಕಾರ್ಡೋಮವು ಬೇರುಳಿದರೆ ಮತ್ತೆ ಚಿಗುರುವ ಜಾತಿಯದು. ಅದನ್ನು ಸುಡಲು ಬೇಕಾದ ಕಿರಣದ ಪ್ರಮಾಣವೋ ಬಹು ಹೆಚ್ಚು. ಅದರ ಪಕ್ಕದಲ್ಲಿಯೇ ಕಾಲಿಗೂ ಮೂತ್ರಾಶಯಕ್ಕೂ ಹೋಗುವ ನರಗಳ ಗೊಂಚಲು ಜಡೆಯಂತೆ ಇಳಿದಿದೆ. ಆ ನರಗಳು ಅಷ್ಟು ಪ್ರಮಾಣವನ್ನು ತಾಳಲಾರವು. ಆದಕಾರಣ ಸಾಮಾನ್ಯ ಕ್ಷ-ಕಿರಣಕ್ಕಿಂತ ಪ್ರೋಟಾನು ಚಿಕಿತ್ಸೆ ಲೇಸೆಂದು ಹೇಳಿ ನಮ್ಮನ್ನು ಚೆನ್ನೈಗೆ ಕಳುಹಿಸಿದರು. ನಮ್ಮ ದೇಶದಲ್ಲಿ ಈ ಚಿಕಿತ್ಸೆ ಮೊದಲಾದದ್ದು ಆ ಊರಿನಲ್ಲಿ, 2019ರಲ್ಲಿ. ನವೀ ಮುಂಬಯಿಯ ಖಾರ್‌ಘರ್‌ನಲ್ಲಿರುವ ಟಾಟಾ ಸ್ಮಾರಕದವರ ಕೇಂದ್ರದಲ್ಲಿ ಇದು ಆರಂಭವಾದದ್ದು 2023ರಲ್ಲಿ. ನಾವು ಹೋದಾಗ ಅದಿನ್ನೂ ಇರಲಿಲ್ಲ.

ಇಲ್ಲಿ ಪ್ರೋಟಾನಿನ ಗುಣವನ್ನು ಸ್ವಲ್ಪ ಹೇಳಬೇಕು. ಕ್ಷ-ಕಿರಣವು ದೇಹವನ್ನು ಹೊಕ್ಕು, ದಾರಿಯುದ್ದಕ್ಕೂ ತನ್ನ ಶಕ್ತಿಯನ್ನು ಚೆಲ್ಲುತ್ತ, ಆಚೆಯ ಬದಿಯಿಂದ ಹೊರಟುಹೋಗುತ್ತದೆ. ಪ್ರೋಟಾನು ಹಾಗಲ್ಲ. ಅದು ಜಲಜನಕದ ಪರಮಾಣುವಿನ ಗರ್ಭ, ತೂಕವುಳ್ಳ ಕಣ. ವೇಗವಾಗಿ ಹೊಕ್ಕಾಗ ದಾರಿಯಲ್ಲಿ ಸ್ವಲ್ಪವೇ ಶಕ್ತಿಯನ್ನು ಬಿಡುತ್ತದೆ. ದಣಿಯುತ್ತ ದಣಿಯುತ್ತ ಹೆಚ್ಚು ಬಿಡುತ್ತದೆ. ನಿಲ್ಲುವ ಮುನ್ನ ಉಳಿದುದನ್ನೆಲ್ಲ ಒಂದೇ ಕಡೆ ಸುರಿದು ಅಲ್ಲಿಯೇ ನಿಂತುಬಿಡುತ್ತದೆ. ಅದರಾಚೆಗೆ ಏನೂ ಇಲ್ಲ. ರೇಡಿಯಂನಿಂದ ಹೊರಡುವ ಬೇರೊಂದು ಕಣದಲ್ಲಿ ಈ ಗುಣವನ್ನು 1904ರ ಸುಮಾರಿಗೆ ಆಸ್ಟ್ರೇಲಿಯದ ಅಡಿಲೇಡ್ ನಗರದಲ್ಲಿ ವಿಲಿಯಂ ಹೆನ್ರಿ ಬ್ರ್ಯಾಗ್ ಎಂಬ ಉಪಾಧ್ಯಾಯರು ಕಂಡರು. 1946ರಲ್ಲಿ ಅಮೆರಿಕದ ರಾಬರ್ಟ್ ವಿಲ್ಸನ್ ಎಂಬವರು, ಇದನ್ನು ರೋಗಿಗಳ ಉಪಯೋಗಕ್ಕೆ ತರಬಹುದೆಂದು ಬರೆದರು. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಪ್ರಯೋಗಿಸಿದರು. ಶಕ್ತಿಯನ್ನು ಹೆಚ್ಚು ಕಡಮೆ ಮಾಡಿದರೆ ಪ್ರೋಟಾನು ನಿಲ್ಲುವ ಆಳವೂ ಹೆಚ್ಚು ಕಡಮೆಯಾಗುತ್ತದೆ. ವೈದ್ಯರ ಲೆಕ್ಕದ 150 ಮಾನದ ಪ್ರೋಟಾನು ನೀರಿನಲ್ಲಿ ಸುಮಾರು 16 ಸೆಂಟಿಮೀಟರು ಹೋಗುತ್ತದೆ. 230 ಮಾನದ್ದು ಸುಮಾರು 33 ಸೆಂಟಿಮೀಟರು. ಹೀಗೆ ಗಡ್ಡೆಯ ಮೇಲೆ ನಿಲ್ಲಿಸಿ, ಅದರ ಹಿಂದಿನ ನರವನ್ನು ಉಳಿಸಬಹುದು.

ಆದರೆ ನಿಲ್ಲುವ ಗುಣವೇ ಅದರ ಅಪಾಯವೂ ಹೌದು. ಕ್ಷ-ಕಿರಣವು ಹೇಗೂ ಆಚೆಗೆ ಹೋಗತಕ್ಕದ್ದಾದುದರಿಂದ ದಾರಿಯ ಲೆಕ್ಕ ತುಸು ತಪ್ಪಿದರೂ ಫಲದಲ್ಲಿ ಅಷ್ಟು ವ್ಯತ್ಯಾಸ ಬಾರದು. ಪ್ರೋಟಾನಿನ ದಾರಿಯ ಲೆಕ್ಕ ತಪ್ಪಿದರೆ ಅದು ಗಡ್ಡೆಯ ಈಚೆಗೇ ನಿಂತೀತು, ಇಲ್ಲವೆ ಗಡ್ಡೆಯನ್ನು ದಾಟಿ ನರದ ಮೇಲೆ ನಿಂತೀತು. ದಶರಥನು ಶಬ್ದವೇಧಿಯಾಗಿದ್ದನು. ಅವನ ಗುರಿಯಲ್ಲಿ ದೋಷವಿರಲಿಲ್ಲ. ನೀರು ತುಂಬುವ ಕೊಡದ ಸದ್ದನ್ನು ಆನೆಯ ಸದ್ದೆಂದು ತಿಳಿದ ಊಹೆಯಲ್ಲಿ ದೋಷವಿತ್ತು. ಕಾಣದ ಗುರಿಗೆ ಬಾಣ ಬಿಡುವವನ ಕಷ್ಟ ಅಂದಿಗೂ ಇಂದಿಗೂ ಒಂದೇ.

ಚೆನ್ನೈಯಲ್ಲಿ ತಮ್ಮನ ಸಿ.ಟಿ. ಚಿತ್ರ ತೆಗೆದ ಎರಡನೆಯ ದಿನ ನಮ್ಮನ್ನು ಕರೆದು, ಚಿಕಿತ್ಸೆ ಗೊತ್ತುಮಾಡಿದ ದಿನಕ್ಕೆ ಆರಂಭವಾಗಲಾರದು, ಇನ್ನೂ ಎರಡು ವಾರ ಬೇಕು ಎಂದರು. ಕಾರಣವೇನೆಂದರೆ, ಬೆನ್ನಿನ ಲೋಹ. ನನಗೆ ಎದೆ ಧಸಕ್ಕೆಂದಿತು. ಲೆಕ್ಕ ಹಾಕುವ ಭೌತವಿಜ್ಞಾನದವರಲ್ಲಿ ಒಬ್ಬಳು ಹಾಸನದ ಕಡೆಯ ತರುಣಿ. ಮುದುಕನು ಕನ್ನಡದಲ್ಲಿ ಕೇಳಿದನೆಂಬ ಕನಿಕರದಿಂದಲೋ ಏನೋ, ಆಕೆ ತನ್ನ ಊಟದ ಹೊತ್ತನ್ನು ಬಿಟ್ಟು ನನಗೆ ಆ ಚಿತ್ರಗಳನ್ನು ತೋರಿಸಿದಳು.

ಬೆನ್ನಿನ ಅಡ್ಡಸೀಳಿನ ಚಿತ್ರ. ಮಧ್ಯದಲ್ಲಿ ಮೊಳೆಗಳೆರಡೂ ಬೆಳ್ಳಗೆ ಹೊಳೆಯುತ್ತಿದ್ದವು. ಅವುಗಳಿಂದ ನಕ್ಷತ್ರದ ಕಿರಣಗಳಂತೆ ಬಿಳಿಯ ಕರಿಯ ಗೀಟುಗಳು ಎಲ್ಲ ಕಡೆಗೂ ಹರಡಿದ್ದವು. ಎರಡು ಮೊಳೆಗಳ ನಡುವೆ ಮಸಿಯಂಥ ಕಪ್ಪು. ನರವೂ ಗಡ್ಡೆಯ ಅವಶೇಷವೂ ಇರಬೇಕಾದದ್ದು ಆ ಕಪ್ಪಿನಲ್ಲಿ. ನಾನು, "ಇಲ್ಲಿ ಏನೂ ಇಲ್ಲವೆ?" ಎಂದೆ. ಆಕೆ, "ಎಲ್ಲವೂ ಇದೆ ಮೇಷ್ಟ್ರೆ. ಕಾಣುವುದಿಲ್ಲ ಅಷ್ಟೆ. ಈ ಗೀಟುಗಳು ನಿಮ್ಮ ತಮ್ಮನ ಮೈಯಲ್ಲಿಲ್ಲ; ಚಿತ್ರದಲ್ಲಿವೆ" ಎಂದಳು.

ಆಕೆ ಹೇಳಿದ್ದನ್ನು ನಾನು ತಿಳಿದುಕೊಂಡಷ್ಟು ಬರೆಯುತ್ತೇನೆ. ಸಿ.ಟಿ. ಯಂತ್ರವು ದೇಹದ ಸುತ್ತಲೂ ತಿರುಗುತ್ತ ಕ್ಷ-ಕಿರಣಗಳನ್ನು ಹಾಯಿಸಿ, ಆಚೆಗೆ ಎಷ್ಟು ಬಂತೆಂಬುದನ್ನು ಅಳೆದು, ಆ ಅಳತೆಗಳಿಂದ ಒಳಗಿನ ರೂಪವನ್ನು ಊಹಿಸುತ್ತದೆ. ಲೋಹವು ಕಿರಣದ ಹೆಚ್ಚು ಭಾಗವನ್ನು ನುಂಗಿಬಿಡುವುದರಿಂದ ಆ ದಿಕ್ಕಿನಲ್ಲಿ ಅಳೆಯುವುದಕ್ಕೆ ತಕ್ಕಷ್ಟು ಕಿರಣ ಉಳಿಯುವುದಿಲ್ಲ. ಅದಲ್ಲದೆ ಸೌಮ್ಯವಾದ ಕಿರಣಗಳು ಮೊದಲು ಸತ್ತು, ತೀಕ್ಷ್ಣವಾದವು ಮಾತ್ರ ಹೊರಬರುತ್ತವೆ. ಸಾಕ್ಷಿ ಕೆಟ್ಟಮೇಲೆ ತೀರ್ಪು ಕೆಡುತ್ತದೆ. ಆ ದೋಷವು ಮೊಳೆಯಲ್ಲಿ ಮಾತ್ರ ನಿಲ್ಲದೆ ಕಿರಣ ಹಾದ ಗೆರೆಯುದ್ದಕ್ಕೂ ಬಳಿದುಕೊಳ್ಳುತ್ತದೆ. ನನಗೆ ಒಡನೆಯೇ ದಾಸವಾಳದ ಹೂವೂ ಸ್ಫಟಿಕವೂ ನೆನಪಾದವು. ಕೆಂಪು ಹೂವಿನ ಪಕ್ಕದಲ್ಲಿಟ್ಟ ಸ್ಫಟಿಕವು ಕೆಂಪಾಗಿ ಕಾಣುತ್ತದೆ. ಹೂವೇ ಅಲ್ಲಿ ಉಪಾಧಿ ಎಂದು ಗುರುಗಳು ಪಾಠ ಹೇಳುತ್ತಿದ್ದರು. ತಮ್ಮನ ಬೆನ್ನಿನಲ್ಲಿ ಮೊಳೆಯೇ ಉಪಾಧಿ. ಅದರ ಸನ್ನಿಧಿಯಲ್ಲಿ ಮಾಂಸವು ಒಂದೆಡೆ ಮೂಳೆಯಂತೆಯೂ ಇನ್ನೊಂದೆಡೆ ಗಾಳಿಯಂತೆಯೂ ತೋರುತ್ತಿತ್ತು.

ಈ ತೋರಿಕೆಯನ್ನು ನಂಬಿದರೆ ಏನಾಗುತ್ತದೆ? ಸಿ.ಟಿ. ಚಿತ್ರದ ಪ್ರತಿಯೊಂದು ಬಿಂದುವಿಗೂ ಒಂದು ಅಂಕೆಯುಂಟು; ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಸಾವಿರ ಕಡಮೆ. ಆ ಅಂಕೆಯಿಂದ, ಆಯಾ ಸ್ಥಳದಲ್ಲಿ ಪ್ರೋಟಾನು ಎಷ್ಟು ದಣಿಯುತ್ತದೆಂಬುದನ್ನು ಗಣಕಯಂತ್ರವು ಲೆಕ್ಕ ಮಾಡುತ್ತದೆ. ಕಪ್ಪು ಗೀಟಿನ ದಾರಿಯಲ್ಲಿ ಅಡ್ಡಿ ಕಡಮೆಯೆಂದು ಅದು ತಿಳಿದು ಕಡಮೆ ಶಕ್ತಿಯ ಪ್ರೋಟಾನನ್ನು ಕಳುಹಿಸಿದರೆ, ಅದು ಗಡ್ಡೆಯನ್ನು ಪೂರ್ತಿ ಮುಟ್ಟುವುದಿಲ್ಲ. ಬಿಳಿಯ ಗೀಟಿನ ದಾರಿಯಲ್ಲಿ ಅಡ್ಡಿ ಹೆಚ್ಚೆಂದು ತಿಳಿದು ಹೆಚ್ಚು ಶಕ್ತಿಯದನ್ನು ಕಳುಹಿಸಿದರೆ, ನರವನ್ನು ಹೊಗುತ್ತದೆ. ಲೋಹವಿಲ್ಲದ ಮೈಯಲ್ಲಿಯೂ ಅಂಕೆಯಿಂದ ದೂರವನ್ನು ತಿಳಿಯುವುದರಲ್ಲಿ ಸ್ವಲ್ಪ ಸಂದೇಹ ಇದ್ದೇ ಇದೆಯಂತೆ. ಅದಕ್ಕಾಗಿ ಅನೇಕ ಕಡೆ ಆಳದ ನೂರರಲ್ಲಿ ಮೂರೂವರೆ ಪಾಲನ್ನೂ, ಅದರ ಮೇಲೆ ಒಂದೆರಡು ಮಿಲಿಮೀಟರನ್ನೂ ಅಂಚಾಗಿ ಬಿಟ್ಟುಕೊಳ್ಳುತ್ತಾರೆ. ಹತ್ತು ಸೆಂಟಿಮೀಟರು ಆಳಕ್ಕೆ ಅದೆಲ್ಲ ಸೇರಿ ಸುಮಾರು ಐದು ಮಿಲಿಮೀಟರಾಯಿತು. ಲೋಹವಿದ್ದಲ್ಲಿ ಈ ಅಂಚು ಸಾಲದು.

ಇಷ್ಟು ಚಿತ್ರದ ದೋಷ. ಲೋಹದ ಸ್ವಂತ ದೋಷ ಬೇರೆ. ಟೈಟಾನಿಯಂ ಒಂದು ಮಿಲಿಮೀಟರಿದ್ದರೆ ಪ್ರೋಟಾನಿಗೆ ಅದು ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು ನೀರಿಗೆ ಸಮ. ಉಕ್ಕು ಐದಕ್ಕಿಂತ ಹೆಚ್ಚು. ಹಲ್ಲಿಗೆ ಹಾಕುವ ಚಿನ್ನವಾದರೋ ಸುಮಾರು ಹತ್ತು. ಆರು ಮಿಲಿಮೀಟರು ದಪ್ಪದ ಟೈಟಾನಿಯಂ ಮೊಳೆಯನ್ನು ಅಡ್ಡಲಾಗಿ ದಾಟಿದ ಪ್ರೋಟಾನು, ಪಕ್ಕದಲ್ಲಿ ಮಾಂಸವನ್ನು ಮಾತ್ರ ದಾಟಿ ಬಂದ ತನ್ನ ಜೊತೆಯದಕ್ಕಿಂತ ಸುಮಾರು ಹದಿಮೂರು ಮಿಲಿಮೀಟರು ಹಿಂದೆಯೇ ನಿಂತುಬಿಡುತ್ತದೆ. ರೋಗಿಯು ಮೇಜಿನ ಮೇಲೆ ಎರಡು ಮಿಲಿಮೀಟರು ಸರಿದು ಮಲಗಿದರೆ, ನಿನ್ನೆ ಮೊಳೆಯನ್ನು ತಪ್ಪಿಸಿಕೊಂಡ ಕಣವು ಇಂದು ಮೊಳೆಗೆ ಸಿಕ್ಕೀತು. ಅಲ್ಲದೆ ಲೋಹದ ಅಂಚಿನಲ್ಲಿ ಕಣಗಳು ಚೆದರಿ, ಹಿಂದುಗಡೆ ಎಲ್ಲಿ ಹೆಚ್ಚು ಎಲ್ಲಿ ಕಡಮೆ ಬಿತ್ತೆಂಬುದು ಕಲಸಿಹೋಗುತ್ತದೆ.

ನಾನು ಆ ಹೊತ್ತಿನಲ್ಲಿ, ಶಸ್ತ್ರವೈದ್ಯರು ಹೇಳಿದ್ದ ಇಂಗಾಲದ ಎಳೆಯ ಸರಳಿನ ಮಾತನ್ನು ಎತ್ತಿದೆನು. ಅದಾಗಿದ್ದರೆ ಹೇಗೆ? ಆಕೆ ಸ್ವಲ್ಪ ಸುಮ್ಮನಿದ್ದು, "ಅದು ನೀರಿಗಿಂತ ಹೆಚ್ಚು ಸಾಂದ್ರವಲ್ಲ, ಸುಮಾರು ಒಂದೂವರೆ ಪಾಲು. ಗೀಟುಗಳು ಬಹಳ ಕಡಮೆ ಬರುತ್ತಿದ್ದವು" ಎಂದಳು. ನನ್ನ ಮುಖದಲ್ಲಿ ಆಕೆ ಏನು ಕಂಡಳೋ ತಿಳಿಯದು, ಒಡನೆಯೇ, "ಆದರೆ ಎಲ್ಲರಿಗೂ ಎಲ್ಲ ಕಡೆಯೂ ಅದು ಸಿಕ್ಕುವುದಿಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಲೋಹವುಳ್ಳವರೂ ಇರುತ್ತಾರೆ. ದಾರಿಯಿದೆ" ಎಂದು ಸೇರಿಸಿದಳು.

ಇಂಥ ಲೋಹವಿದ್ದವರ ಗತಿ ಏನಾಗಿದೆ ಎಂದು ನಾನು ಬಿಡದೆ ಕೇಳಿದೆನು. ಹೇಳಲು ಆಕೆಗೆ ಇಷ್ಟವಿರಲಿಲ್ಲ, ಕಡೆಗೆ ಹೇಳಿದಳು. ಸ್ವಿಟ್ಜರ್ಲೆಂಡಿನ ಪಾಲ್ ಷೆರರ್ ಸಂಸ್ಥೆಯವರು, ತಲೆಬುರುಡೆಯನ್ನು ಬಿಟ್ಟು ದೇಹದ ಬೇರೆಡೆಗಳಲ್ಲಿ ಕಾರ್ಡೋಮವಿದ್ದು ಪ್ರೋಟಾನು ಚಿಕಿತ್ಸೆ ಪಡೆದ 40 ಮಂದಿಯ ವೃತ್ತಾಂತವನ್ನು 2011ರಲ್ಲಿ ಪ್ರಕಟಿಸಿದರು. ಬೆನ್ನಿಗೆ ಲೋಹದ ಬಂಧನ ಹಾಕಿಸಿಕೊಂಡಿದ್ದವರಲ್ಲಿ ರೋಗವು ಅದೇ ಸ್ಥಳದಲ್ಲಿ ಮರುಕಳಿಸಿದ್ದು ಉಳಿದವರಿಗಿಂತ ಬಹಳ ಹೆಚ್ಚು. ಆದರೆ ಇದರಿಂದ ಲೋಹವೇ ಕಾರಣವೆಂದು ನಿರ್ಣಯಿಸಲಾಗದೆಂದೂ ಆಕೆ ಎಚ್ಚರಿಸಿದಳು. ಯಾರ ಬೆನ್ನುಮೂಳೆ ಹೆಚ್ಚು ಹಾಳಾಗಿದೆಯೋ ಅವರಿಗೇ ತಾನೆ ಬಂಧನ ಬೇಕಾಗುವುದು? ಹಾಗಾದರೆ ಅವರ ರೋಗವೇ ಮೊದಲಿನಿಂದ ಬಲವತ್ತರವಾಗಿದ್ದಿರಬಹುದು. ಇದು ನಮ್ಮ ತರ್ಕದಲ್ಲಿ ಹೇಳುವ ಹೇತ್ವಾಭಾಸದ ಎಚ್ಚರಿಕೆಯೇ ಸರಿ. ಆದರೆ ಆ ರಾತ್ರಿ ನನಗೆ ತರ್ಕವು ಸಮಾಧಾನ ಕೊಡಲಿಲ್ಲ.

ಮರುದಿನ ಆಕೆ ನನ್ನನ್ನು ಕರೆದು ಒಂದು ಪ್ರಶ್ನೆ ಕೇಳಿದಳು: ಮೊಳೆ ಯಾವ ಲೋಹದ್ದು, ಎಷ್ಟು ದಪ್ಪ, ಎಷ್ಟು ಉದ್ದ, ಬರಹದಲ್ಲಿ ಏನಾದರೂ ಇದೆಯೆ? ಸಾಮಾನ್ಯ ಸಿ.ಟಿ. ಚಿತ್ರದ ಅಂಕೆಗಳು ಮೂರು ಸಾವಿರದ ಮೇಲೆ ತುಸುದೂರಕ್ಕೆ ನಿಂತುಬಿಡುತ್ತವೆಯಂತೆ. ಅದರಾಚೆಗೆ ಟೈಟಾನಿಯಂ ಆದರೇನು, ಉಕ್ಕಾದರೇನು, ಚಿನ್ನವಾದರೇನು, ಯಂತ್ರಕ್ಕೆ ಎಲ್ಲವೂ ಒಂದೇ. ಅದಲ್ಲದೆ ಲೋಹವು ಚಿತ್ರದಲ್ಲಿ ತನ್ನ ನಿಜವಾದ ಗಾತ್ರಕ್ಕಿಂತ ಉಬ್ಬಿ ಕಾಣುತ್ತದೆ. ಆದಕಾರಣ ಅದರ ಜಾತಿಯನ್ನೂ ಅಳತೆಯನ್ನೂ ಮನುಷ್ಯನೇ ಕೈಯಿಂದ ಬರೆಯಬೇಕು. ಮೇಷ್ಟರ ಕೆಲಸದಲ್ಲಿ ನನಗೆ ಅಂಟಿದ ಗುಣವೊಂದಿದೆ. ಯಾವ ಕಾಗದವನ್ನೂ ಬಿಸಾಡುವುದಿಲ್ಲ. ಶಸ್ತ್ರಕ್ರಿಯೆಯ ದಿನ ಕೊಟ್ಟ ಕಾಗದಗಳ ನಡುವೆ ಮೊಳೆಗಳ ಪೆಟ್ಟಿಗೆಯಿಂದ ಕಿತ್ತು ಅಂಟಿಸಿದ ಚೀಟಿಗಳಿದ್ದವು; ಲೋಹದ ಹೆಸರು, ದಪ್ಪ, ಉದ್ದ ಎಲ್ಲವೂ ಅದರಲ್ಲಿತ್ತು. ಆಕೆಯ ಮುಖವರಳಿತು. ನಾನು ಕೆಡಿಸಿದ ಕೆಲಸದಲ್ಲಿ ನನ್ನಿಂದ ಆದ ಉಪಕಾರ ಅದೊಂದೇ.

ಆ ಎರಡು ವಾರಗಳಲ್ಲಿ ಅವರು ಏನು ಮಾಡಿದರೆಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಗೀಟುಗಳನ್ನು ತಗ್ಗಿಸುವ ಗಣಿತಕ್ರಮವೊಂದರಿಂದ ಚಿತ್ರವನ್ನು ತಿದ್ದಿದರು. ಉಳಿದ ಗೀಟುಗಳಿದ್ದ ಸ್ಥಳದಲ್ಲಿ, ಹಳೆಯ ಎಂ.ಆರ್.ಐ. ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು, ಇದು ಮಾಂಸ, ಇದು ಮೂಳೆ ಎಂದು ಪುಟಪುಟವಾಗಿ ಕೈಯಿಂದ ಬಣ್ಣ ಹಾಕಿ ಸರಿಯಾದ ಅಂಕೆಯನ್ನು ಕೊಟ್ಟರು. ಮೊಳೆಗಳನ್ನು ಚೀಟಿಯ ಅಳತೆಗೆ ಸರಿಯಾಗಿ ಬರೆದರು. ಆಮೇಲೆ ಕಿರಣದ ದಿಕ್ಕು. ನೇರವಾಗಿ ಹಿಂದಿನಿಂದ ಬಿಟ್ಟರೆ ಸರಳುಗಳು ಅಡ್ಡ. ಮುಂದಿನಿಂದ ಬಿಡೋಣವೆಂದರೆ ದಾರಿಯಲ್ಲಿ ಕರುಳು. ಅದರೊಳಗಿನ ವಾಯು ದಿನಕ್ಕೊಂದು ಬಗೆ. ಆದುದರಿಂದ ಬೆನ್ನಿನ ಎರಡು ಓರೆಗಳಿಂದ, ಲೋಹವನ್ನು ಆದಷ್ಟು ತಪ್ಪಿಸಿ, ಒಂದಕ್ಕಿಂತ ಹೆಚ್ಚು ದಿಕ್ಕುಗಳಲ್ಲಿ ಪಾಲುಹಾಕಿ ಬಿಡುವುದೆಂದು ಗೊತ್ತುಮಾಡಿದರು. ಒಂದು ದಿಕ್ಕಿನ ಲೆಕ್ಕ ತಪ್ಪಿದರೂ ಮತ್ತೊಂದು ಅದನ್ನು ತಕ್ಕಮಟ್ಟಿಗೆ ಸರಿತೂಗಿಸೀತು. ಮೈ ಮಿಲಿಮೀಟರುಗಳಷ್ಟು ಅತ್ತ ಇತ್ತ ಸರಿದರೆ ಏನು, ದೂರದ ಲೆಕ್ಕ ನೂರಕ್ಕೆ ಇಷ್ಟು ತಪ್ಪಿದರೆ ಏನು, ಎಂದು ಮೊದಲೇ ಕಲ್ಪಿಸಿ, ಅವೆಲ್ಲವುಗಳಲ್ಲಿಯೂ ನರ ಉಳಿಯುವಂತೆ ಯೋಜನೆ ಮಾಡಿದರು. ತಾವು ತಪ್ಪಬಹುದೆಂಬುದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡ ಈ ವಿದ್ಯೆಯ ಮುಂದೆ, ಒಂದೂ ಪ್ರಶ್ನೆ ಕೇಳದೆ ನಿರ್ಣಯ ಹೇಳಿದ ನನ್ನ ಪಾಂಡಿತ್ಯವು ನನಗೇ ನಾಚಿಕೆಯನ್ನುಂಟುಮಾಡಿತು.

ಬಾಡಿಗೆ ಕೋಣೆಯಲ್ಲಿ ಒಂದು ಸಂಜೆ ನಾನು ತಮ್ಮನಿಗೆ ಎಲ್ಲವನ್ನೂ ಹೇಳಿದೆನು. ಹಣದ ಯೋಚನೆಯಿದ್ದುದನ್ನೂ ಬಿಡದೆ ಹೇಳಿದೆನು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಆವತ್ತು ಕಾಲು ಎತ್ತಲಿಕ್ಕೆ ಆಗುತ್ತಿರಲಿಲ್ಲ ಅಣ್ಣಾ. ಈಗ ನಾನೇ ನಡೆದುಕೊಂಡು ಹೋಗಿ ಆ ಯಂತ್ರದ ಮೇಲೆ ಮಲಗುತ್ತೇನೆ. ಮೂರು ವಾರ ಕಾದಿದ್ದರೆ ಕಾಲು ಉಳಿಯುತ್ತಿತ್ತೋ ಇಲ್ಲವೋ ಅದನ್ನು ಯಾರು ಕಂಡರು?" ಎಂದನು. ಸ್ವಲ್ಪ ತಡೆದು, "ಹಣದ ಮಾತನ್ನು ಆವತ್ತೇ ಹೇಳಬೇಕಿತ್ತು. ಕೆಳಗಿನ ತುಂಡು ತೋಟ ಮಾರುತ್ತಿದ್ದೆ" ಎಂದನು. ಅವನು ಕ್ಷಮಿಸಿದನೆಂದು ನಾನು ಹೇಳಲಾರೆ. ಕ್ಷಮೆ ಕೇಳುವಂತೆಯೂ ಅವನ ಮಾತು ಇರಲಿಲ್ಲ. ಅಂದಿನಿಂದ ಅವನು ವೈದ್ಯರ ಮುಂದೆ ನನ್ನ ಮುಖ ನೋಡುವುದನ್ನು ಬಿಟ್ಟು ತಾನೇ ಪ್ರಶ್ನೆ ಕೇಳತೊಡಗಿದನು.

ವಾರಕ್ಕೆ ಐದು ದಿನದಂತೆ ಸುಮಾರು ಏಳು ವಾರ ಚಿಕಿತ್ಸೆ ನಡೆಯಿತು. ಪ್ರತಿದಿನವೂ ಕ್ಷ-ಕಿರಣದ ಚಿತ್ರ ತೆಗೆದು, ಮೈ ನಿನ್ನೆಯ ಸ್ಥಾನದಲ್ಲಿದೆಯೋ ಇಲ್ಲವೋ ನೋಡಿ ಆಮೇಲೆ ಕಿರಣ ಬಿಡುತ್ತಿದ್ದರು. ಸ್ಥಾನವನ್ನು ಸರಿಗೊಳಿಸಲು ಅದೇ ಮೊಳೆಗಳು ಗುರುತಾಗಿ ಸಹಾಯಮಾಡಿದವೆಂದು ಆ ತರುಣಿ ಒಂದು ದಿನ ನಗುತ್ತ ಹೇಳಿದಳು.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಮೊಣಕಾಲಿನಲ್ಲಿಯೋ ಸೊಂಟದಲ್ಲಿಯೋ ಹಲ್ಲಿನಲ್ಲಿಯೋ ಲೋಹವುಳ್ಳವರು ಅನೇಕರಿರಬಹುದು. ಅವರು ಹೆದರಬೇಕಾದ್ದಿಲ್ಲ, ಚಿಕಿತ್ಸೆಯ ಸ್ಥಳದಿಂದ ದೂರವಿರುವ ಲೋಹದಿಂದ ಈ ತೊಂದರೆಯಿಲ್ಲ. ಆದರೆ ಶರೀರದೊಳಗೆ ಇಟ್ಟ ವಸ್ತುವಿನ ಚೀಟಿಯನ್ನು ಮನೆಯ ಪತ್ರಗಳಷ್ಟೇ ಜೋಪಾನವಾಗಿ ಕಾಪಾಡತಕ್ಕದ್ದು. ಶಸ್ತ್ರಕ್ರಿಯೆಗೆ ಮುಂಚೆ, ಮುಂದೆ ಕಿರಣಚಿಕಿತ್ಸೆ ಬೇಕಾದೀತೆ ಎಂದು ಕೇಳತಕ್ಕದ್ದು. ಬೇಕಾದೀತೆಂದರೆ ಶಸ್ತ್ರವೈದ್ಯರೂ ಕಿರಣವೈದ್ಯರೂ ಮೊದಲೇ ಒಟ್ಟಿಗೆ ಮಾತನಾಡುವಂತೆ ಬೇಡಿಕೊಳ್ಳತಕ್ಕದ್ದು. ಹಣದ ಅಡಚಣೆಯಿದ್ದರೆ ಅದನ್ನೂ ರೋಗಿಯ ಮುಂದೆಯೇ ಆಡತಕ್ಕದ್ದು. ಇದಿಷ್ಟೇ ನನ್ನ ಅನುಭವದ ಸಾರ.

ಚಿಕಿತ್ಸೆ ಮುಗಿದು ಈಗ ಮೂರು ವರ್ಷಗಳ ಮೇಲಾಯಿತು. ತಮ್ಮನು ಕೋಲು ಹಿಡಿದು ತೋಟದ ಕೆಳಗಿನ ತುಂಡಿನವರೆಗೂ ಹೋಗಿಬರುತ್ತಾನೆ. ಆರು ತಿಂಗಳಿಗೊಮ್ಮೆ ಚಿತ್ರ ತೆಗೆಸುತ್ತೇವೆ. ಆ ಚಿತ್ರದ ಮೇಲೂ ಮೊಳೆಗಳ ನೆರಳು ಬಿದ್ದೇ ಬೀಳುತ್ತದೆ. ವೈದ್ಯರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಕಾಣುವಷ್ಟರಲ್ಲಿ ಏನೂ ಇಲ್ಲ" ಎನ್ನುತ್ತಾರೆ. ಜೀವಮಾನವೆಲ್ಲ ಪದಗಳ ಅರ್ಥವನ್ನು ಹೇಳಿಕೊಟ್ಟವನಿಗೆ ಆ ಮೊದಲನೆಯ ಪದದ ಅರ್ಥ ಚೆನ್ನಾಗಿ ತಿಳಿದಿದೆ. ತಮ್ಮನಿಗೂ ತಿಳಿದಿದೆ. ಹಿಂತಿರುಗುವ ಬಸ್ಸಿನಲ್ಲಿ ಅವನು ಆ ಮಾತನ್ನೆತ್ತದೆ ಕೊನೆಕೊಯ್ಲಿಗೆ ಆಳು ಸಿಕ್ಕುವ ವಿಚಾರವನ್ನು ಆಡುತ್ತಾನೆ. ನಾನೂ ಅದನ್ನೇ ಆಡುತ್ತೇನೆ. ಮುಂದಿನ ಪರೀಕ್ಷೆ ದೀಪಾವಳಿ ಕಳೆದ ಮೇಲೆ.